ಮಾವನವರ ಛತ್ರಿಯನ್ನು ಅರ್ಧ ಬೆಲೆಗೆ ಖರೀದಿಸಿದ ಬಗ್ಗೆ

ಈ ಮೂಲಕ ಎಲ್ಲರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಅಂಗಡಿಗಳಲ್ಲಿ ಮೋಸ ಹೋಗುವ ಮನುಷ್ಯನಲ್ಲ.

ಈ ವಿಷಯದಲ್ಲಿ ನನ್ನ ಧರ್ಮಪತ್ನಿ ವತ್ಸಲಾ ಅವರು ಭಿನ್ನಾಭಿಪ್ರಾಯವನ್ನು ಹೊಂದಿರುತ್ತಾರೆ. ಪರಿಷೆಯಲ್ಲಿ ನಾನು ಕೊಂಡುತಂದ ಕಡಲೆಕಾಯಿಯಲ್ಲಿ ಕಾಯಿಗಿಂತ ಮಣ್ಣೇ ಹೆಚ್ಚು ತೂಗಿದ್ದನ್ನೂ, ಬಣ್ಣ ಬಿಡುವುದಿಲ್ಲವೆಂಬ ಭರವಸೆಯ ಮೇಲೆ ತಂದ ಒಂದು ಕೆಂಪು ಟವೆಲ್ಲು ಇಡೀ ಮನೆಯವರ ಬಟ್ಟೆಯನ್ನು ಗುಲಾಬಿಗೆ ತಿರುಗಿಸಿದ್ದನ್ನೂ ಅವರು ಆಗಿಂದಾಗ್ಗೆ ಪ್ರಸ್ತಾಪಿಸುವುದುಂಟು. ಇವು ಬಿಡಿ ಪ್ರಕರಣಗಳೆಂದೂ, ಇವುಗಳ ಆಧಾರದ ಮೇಲೆ ನನ್ನ ವ್ಯವಹಾರ ಜ್ಞಾನವನ್ನು ಅಳೆಯಬಾರದೆಂದೂ ನಾನು ಹಲವು ಬಾರಿ ಮನವಿ ಮಾಡಿಕೊಂಡಿದ್ದೇನೆ. ಮನವಿ ಇನ್ನೂ ಪರಿಶೀಲನೆಯಲ್ಲಿದೆ.

ಆದರೆ ನನ್ನ ಮೇಲಧಿಕಾರಿ ಪತ್ನಿಯಲ್ಲ, ಪತ್ನಿಯ ತಂದೆ.

ಮಾವನವರಾದ ಶಾಮಣ್ಣನವರು ನಿವೃತ್ತ ಹೈಸ್ಕೂಲು ಮೇಷ್ಟರು. ಬಸವನಗುಡಿಯಲ್ಲಿ ಅವರ ಪಾಠಕ್ಕಿಂತ ಅವರ ಚೌಕಾಸಿಯೇ ಹೆಚ್ಚು ಪ್ರಸಿದ್ಧ. ಗಾಂಧಿ ಬಜಾರಿನ ತಿರುವಿನಲ್ಲಿ ಅವರ ಕೈಚೀಲ ಕಾಣಿಸಿಕೊಂಡರೆ ಸಾಕು, ಬದನೆಕಾಯಿ ಮಾರುವಾಕೆ ತಕ್ಷಣ ಬೆಲೆ ಏರಿಸಿಟ್ಟುಕೊಂಡು, ಅವರು ಇಳಿಸುವುದಕ್ಕೆ ಅನುವು ಮಾಡಿಕೊಡುತ್ತಾಳೆ ಎಂಬ ಮಾತಿದೆ. ಮಾರುವವರು ಹೇಳಿದ ಬೆಲೆಗೇ ಅವರು ಕೊಂಡ ಏಕೈಕ ವಸ್ತುವೆಂದರೆ ರೈಲು ಟಿಕೆಟ್ಟು. ಅಲ್ಲಿಯೂ ಕಿಟಕಿಯಲ್ಲಿ ಒಮ್ಮೆ ಕೇಳಿ ನೋಡಿದರಂತೆ.

ನಾನು ಏನೇ ಕೊಂಡು ತಂದರೂ ಮಾವನವರ ಪ್ರಶ್ನೆ ಒಂದೇ.

“ಎಷ್ಟಕ್ಕೆ ಕೊಟ್ಟ?”

ನಾನು ಬೆಲೆ ಹೇಳುತ್ತೇನೆ. ಅವರು ಕನ್ನಡಕವನ್ನು ಹಣೆಗೇರಿಸಿ, ಆ ವಸ್ತುವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಹೂಂ” ಎನ್ನುತ್ತಾರೆ.

ಅಷ್ಟೇ. ಬೈಗುಳವಿಲ್ಲ, ಬುದ್ಧಿವಾದವಿಲ್ಲ. ಆದರೆ ಮಗಳನ್ನು ಎಂಥವನ ಕೈಗೆ ಕೊಟ್ಟೆನಪ್ಪಾ ಎಂಬ ಇಡೀ ಕಡತ ಆ ಒಂದು “ಹೂಂ”ನಲ್ಲಿ ಅಡಕವಾಗಿರುತ್ತದೆ. ಅವರಲ್ಲಿ ಮೆಚ್ಚುಗೆಗೆ ಬೇರೊಂದು ಪದವಿದೆ. ಅದು “ಪರವಾಗಿಲ್ವೇ”. ನನ್ನ ಮದುವೆಯಾಗಿ, ನನ್ನ ಮಗಳೇ ಕಾಲೇಜಿಗೆ ಬಂದರೂ ಆ ಪದ ನನ್ನ ಪಾಲಿಗೆ ಮಂಜೂರಾಗಿರಲಿಲ್ಲ. ಸಾಯುವುದರೊಳಗೆ ಒಮ್ಮೆಯಾದರೂ, ನಾನು ತಂದ ವಸ್ತುವೊಂದನ್ನು ಕೈಯಲ್ಲಿ ಹಿಡಿದು ಮಾವನವರು “ಪರವಾಗಿಲ್ವೇ” ಎನ್ನಬೇಕೆಂಬುದೇ ನನ್ನ ಜೀವನದ ಗುರಿಯಾಗಿತ್ತು. ಯಾರು ಸಾಯುವುದರೊಳಗೆ ಎಂಬುದನ್ನು ನಾನು ಆಗ ಸ್ಪಷ್ಟಪಡಿಸಿಕೊಂಡಿರಲಿಲ್ಲ.

ಅವಕಾಶ ತಾನಾಗಿಯೇ ಒದಗಿಬಂತು. ಮಾವನವರಿಗೆ ಎಪ್ಪತ್ತು ತುಂಬಿ, ಭೀಮರಥ ಶಾಂತಿ ನಿಶ್ಚಯವಾಯಿತು. ಭಾನುವಾರ ಮನೆಯಲ್ಲೇ ಹೋಮ, ಮಾವ ಅತ್ತೆಗೆ ಇನ್ನೊಮ್ಮೆ ಮಾಂಗಲ್ಯಧಾರಣೆ, ನೆಂಟರಿಷ್ಟರಿಗೆ ಊಟ. ಅದಾದ ಮೇಲೆ ಇಬ್ಬರೂ ಕಾಶಿಯಾತ್ರೆಗೆ ಹೊರಡುವುದೆಂದು ತೀರ್ಮಾನವಾಗಿತ್ತು.

“ಅಮ್ಮಂಗೆ ಸೀರೆ ನಾನು ತಗೊಂಡಾಯ್ತು” ಎಂದು ವತ್ಸಲಾ ಹೇಳಿದಳು. “ಅಪ್ಪಂಗೆ ಕಾಶಿ ದಾರೀಲಿ ಉಪಯೋಗಕ್ಕೆ ಬರೋ ಅಂಥದ್ದು ಏನಾದ್ರೂ ನೀವು ನೋಡಿ. ಅಂಗಡಿಯವನು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡಿಸ್ಕೊಂಡು ಬರಬೇಡಿ.”

“ಈ ಸಲ ನೋಡ್ತಿರು.”

“ಪ್ರತಿ ಸಲಾನೂ ನೋಡ್ತಾನೇ ಇದೀನಲ್ಲ.”

ಸದರಿ ಟೀಕೆಯನ್ನು ನಾನು ಗಣನೆಗೆ ತೆಗೆದುಕೊಳ್ಳದೆ, ಮಾವನವರ ಪ್ರಯಾಣದ ಅಗತ್ಯಗಳನ್ನು ಕ್ರಮಬದ್ಧವಾಗಿ ಆಲೋಚಿಸಿದೆನು. ದಾರಿಯಲ್ಲಿ ಬಿಸಿಲು, ಆದ್ದರಿಂದ ಛತ್ರಿ. ಘಾಟಿನಲ್ಲಿ ಕಲ್ಲು ಮುಳ್ಳು, ಆದ್ದರಿಂದ ಚಪ್ಪಲಿ. ಮೆಟ್ಟಿಲಿಳಿಯಲು ಊರುಗೋಲು. ರೈಲಿನಲ್ಲಿ ಚಳಿ, ಆದ್ದರಿಂದ ಕಂಬಳಿ. ಕತ್ತಲೆಗೆ ಟಾರ್ಚು. ಬಾಯಾರಿಕೆಗೆ, ಮತ್ತು ಬರುವಾಗ ಗಂಗೆಯನ್ನು ತುಂಬಿಕೊಂಡು ಬರುವುದಕ್ಕೆ, ಒಂದು ತಾಮ್ರದ ಚೊಂಬು. ಇಷ್ಟು ಸಮಗ್ರವಾಗಿ ಯಾವ ಅಳಿಯನೂ ಯೋಚಿಸಿರಲಾರನೆಂದು ನನಗೇ ನನ್ನ ಬಗ್ಗೆ ಗೌರವ ಮೂಡಿತು.

ಇಲ್ಲಿ ನನ್ನ ಅಂದಿನ ದೈಹಿಕ ಸ್ಥಿತಿಯನ್ನು ನಮೂದಿಸುವುದು ಅಗತ್ಯವಾಗಿದೆ. ಮಗಳು ಪಿಯುಸಿಯಲ್ಲಿ ಗಣಿತವನ್ನು ದಾಟಿದರೆ ಮುಡಿ ಕೊಡುವುದಾಗಿ ಹೇಳಿಕೊಂಡಿದ್ದ ಹರಕೆಯಂತೆ, ನಾನು ಆ ವಾರವಷ್ಟೇ ತಿರುಪತಿಗೆ ಹೋಗಿ ಬಂದಿದ್ದೆನು. ಅಲ್ಲಿನ ಕ್ಷೌರಿಕರು ಕೆಲಸದಲ್ಲಿ ಎಷ್ಟು ಚುರುಕಾಗಿದ್ದರೆಂದರೆ, ನಾನು “ತಲೆ ಮಾತ್ರ” ಎನ್ನುವಷ್ಟರಲ್ಲಿ ಮೀಸೆಯೂ ಹೊರಟುಹೋಗಿತ್ತು. ಬೆಳಗಿನ ಜಾವದ ತಣ್ಣೀರು ಸ್ನಾನದಿಂದ ಭಯಂಕರ ನೆಗಡಿ ಹಿಡಿದು, ಕಣ್ಣು ಮೂಗು ಒಂದೇ ಸಮನೆ ಸುರಿಯುತ್ತಿದ್ದವು. ಗಂಟಲು ಕಟ್ಟಿ ಮಾತು ನಡುನಡುವೆ ನಿಂತುಹೋಗುತ್ತಿತ್ತು. ಬೋಳು ತಲೆಗೆ ಪ್ಯಾಂಟು ಷರಟು ಹೊಂದುವುದಿಲ್ಲವೆಂದು ನಾನು ಬಿಳಿ ಪಂಚೆಯುಟ್ಟು, ಬಿಳಿ ಶಲ್ಯ ಹೊದ್ದು ಹೊರಟೆನು. ಕನ್ನಡಿಯಲ್ಲಿ ನೋಡಿಕೊಂಡಾಗ ಯಾವುದೋ ಮಠದ ವಿದ್ವಾಂಸನಂತೆ ಕಂಡೆ. ನನಗೆ ಹಾಗೆ ಕಂಡಿತು ಎಂದಷ್ಟೇ ಹೇಳುತ್ತಿದ್ದೇನೆ.

ಮೊದಲಿಗೆ ಗಾಂಧಿ ಬಜಾರಿನ ಛತ್ರಿ ಅಂಗಡಿ. ಅಂಗಡಿಯವರು ಕರಿ ಛತ್ರಿಯೊಂದನ್ನು ಬಿಚ್ಚಿ ತೋರಿಸಿ ಬೆಲೆ ಹೇಳಿದರು. ನಾನು ಚೌಕಾಸಿಗೆಂದು ಬಾಯಿ ತೆರೆದೆ. ಗಂಟಲು ಸಹಕರಿಸಲಿಲ್ಲ. ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಸುಮ್ಮನೆ ನಿಂತೆ. ಅಂಗಡಿಯವರು ನನ್ನ ತಲೆಯನ್ನು ನೋಡಿದರು. ಮೀಸೆಯಿರಬೇಕಾದ ಜಾಗವನ್ನು ನೋಡಿದರು. ಅವರ ಧ್ವನಿ ಕೆಳಗಿಳಿಯಿತು.

“ಯಾರಿಗೆ ಸರ್ ಇದು?”

“ನಮ್ಮ ಮಾವನವರಿಗೆ.”

“ಛೆ. ಯಾವತ್ತು ಕಾರ್ಯ?”

“ಭಾನುವಾರ.”

“ವಯಸ್ಸಾಗಿತ್ತಾ?”

“ಎಪ್ಪತ್ತು ತುಂಬ್ತು.”

“ಎಪ್ಪತ್ತೇನ್ ಸರ್, ಹೋಗೋ ವಯಸ್ಸಾ ಅದು?”

“ಕೈಕಾಲು ಗಟ್ಟಿ ಇರೋವಾಗ್ಲೇ ಹೋಗ್ಬಿಡ್ಬೇಕು ಅಂತ ಅವರಿಗೇ ಆಸೆ ಇತ್ತು” ಎಂದು ನಾನು ಮೂಗೊರೆಸಿಕೊಂಡೆ.

“ಪುಣ್ಯಾತ್ಮರು. ಗಂಡು ಮಕ್ಕಳಿಲ್ವಾ ಅವರಿಗೆ?”

“ಇಲ್ಲ. ಎಲ್ಲಾ ನಾನೇ ನೋಡ್ಕೋತಾ ಇದೀನಿ.”

“ಅಳಿಯ ಆಗಿ ತಲೆ ಕೊಟ್ಟಿದೀರಲ್ಲ ಸರ್. ಈಗಿನ ಕಾಲದಲ್ಲಿ ಮಕ್ಕಳೇ ಮಾಡಲ್ಲ” ಎಂದವರೇ ಛತ್ರಿಯನ್ನು ಮಡಿಸಿ, ಕಾಗದ ಸುತ್ತಿ, “ಅರ್ಧ ಕೊಡಿ ಸಾಕು. ಇಂಥಾದ್ರಲ್ಲಿ ಲಾಭ ನೋಡಬಾರದು” ಎಂದರು.

ಅರ್ಧ ಬೆಲೆ! ಬಾಯಿಬಿಟ್ಟು ಒಂದು ಮಾತೂ ಕೇಳಿರಲಿಲ್ಲ. ತಲೆ ಕೊಟ್ಟ ವಿಷಯ ಅವರಿಗೆ ಯಾಕೆ ಅಷ್ಟು ಹಿಡಿಸಿತೆಂಬುದು ನನಗೆ ಪೂರ್ತಿ ತಿಳಿಯದಿದ್ದರೂ, ತಿಮ್ಮಪ್ಪನ ಭಕ್ತರಿರಬೇಕೆಂದುಕೊಂಡೆ. ಬೀದಿಗಿಳಿದ ಮೇಲೆ ಇದರ ಬಗ್ಗೆ ಆಳವಾಗಿ ಪರಿಶೀಲಿಸಲಾಗಿ, ನನ್ನ ಮೌನವೇ ಇದಕ್ಕೆ ಕಾರಣವೆಂಬ ತೀರ್ಮಾನಕ್ಕೆ ಬಂದೆನು. ಮಾವನವರು ಇಷ್ಟು ವರ್ಷ ಬಾಯಿ ನೋಯಿಸಿಕೊಂಡು ಇಳಿಸಿದ್ದನ್ನು ನಾನು ಸುಮ್ಮನೆ ನಿಂತು ಇಳಿಸಿದ್ದೆ. ಇದು ಹೊಸ ವಿಧಾನ. ಇದಕ್ಕೆ ನಾನು ಮನಸ್ಸಿನಲ್ಲೇ ‘ಮೌನ ಚೌಕಾಸಿ’ ಎಂದು ಹೆಸರಿಟ್ಟೆನು.

ಚಪ್ಪಲಿ ಅಂಗಡಿಯಲ್ಲಿ ‘ಒಂದೇ ಬೆಲೆ, ಚೌಕಾಸಿ ಇಲ್ಲ’ ಎಂದು ಗೋಡೆಯ ಮೇಲೆ ಬರೆಸಿದ್ದರು. ಮೌನ ಚೌಕಾಸಿಗೆ ಇದಕ್ಕಿಂತ ಕಠಿಣ ಪರೀಕ್ಷೆ ಸಿಗುವುದಿಲ್ಲ. ನಾನು ಕಂಕುಳಲ್ಲಿ ಕರಿ ಛತ್ರಿ ಇರುಕಿಕೊಂಡು, ಕಣ್ಣೀರು ಸುರಿಸುತ್ತಾ, “ದೊಡ್ಡವರಿಗೆ ಒಂದು ಜೊತೆ, ಸಾದಾ ಚಪ್ಪಲಿ” ಎಂದೆ.

ಮಾಲೀಕರು ಛತ್ರಿಯನ್ನು ನೋಡಿ ತಾವೇ ಎದ್ದು ಬಂದರು.

“ಅಳತೆ ಎಷ್ಟು ಸರ್?”

“ಸರಿಯಾಗಿ ಗೊತ್ತಿಲ್ಲ. ಕೇಳ್ಕೊಂಡು ಬರಬೇಕಿತ್ತು.”

“ಈಗ ಯಾರನ್ನ ಕೇಳ್ತೀರಾ ಬಿಡಿ. ಅಂದಾಜಲ್ಲಿ ಕೊಡ್ತೀನಿ. ಇದಕ್ಕೆಲ್ಲ ಅಳತೆ ಯಾರೂ ನೋಡಲ್ಲ.”

“ಸಡಿಲ ಆದ್ರೆ ತಂದು ಬದಲಾಯಿಸ್ಕೋಬೋದಾ?”

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ನನ್ನ ಭುಜ ತಟ್ಟಿ, “ಮನಸ್ಸು ಗಟ್ಟಿ ಮಾಡ್ಕೊಳ್ಳಿ ಸರ್” ಎಂದು, ಗೋಡೆಯ ಮೇಲಿನ ಬರಹಕ್ಕೆ ಬೆನ್ನು ಹಾಕಿ ನಿಂತು, ಬೆಲೆ ಇಳಿಸಿದರು. ಚಪ್ಪಲಿ ಕೊಳ್ಳುವುದಕ್ಕೆ ಮನಸ್ಸು ಗಟ್ಟಿಯಾಗಿರಬೇಕೆಂಬುದು ನನಗೆ ಅಂದೇ ತಿಳಿದದ್ದು.

ಇದಾದ ಮೇಲೆ ಊರುಗೋಲಿನವನು ಕಾಲು ಭಾಗ ಬಿಟ್ಟನು. ಕಂಬಳಿಯವರು ಮೂರನೆಯ ಒಂದು ಭಾಗ ಬಿಟ್ಟು, ಕೂರಿಸಿ ಕಾಫಿ ಕುಡಿಸಿದರು. ಟಾರ್ಚಿನವನು ಸೆಲ್ಲುಗಳನ್ನು ತಾನೇ ಹಾಕಿಕೊಟ್ಟು, “ಧೈರ್ಯವಾಗಿರಿ” ಎಂದನು. ಕೈಯಲ್ಲಿ ಒಂದೊಂದು ಸಾಮಾನು ಹೆಚ್ಚಿದಂತೆಲ್ಲ ಮುಂದಿನ ಅಂಗಡಿಯಲ್ಲಿ ರಿಯಾಯಿತಿಯೂ ಹೆಚ್ಚುತ್ತಿತ್ತು. ಇವೆಲ್ಲವನ್ನೂ ಹೊತ್ತು ಚಾಮರಾಜಪೇಟೆಗೆಂದು ಆಟೋ ನಿಲ್ಲಿಸಿದಾಗ, ಆಟೋದವನು ನನ್ನನ್ನೂ ನನ್ನ ಸಾಮಾನನ್ನೂ ನೋಡಿ, ಮಾತಿಲ್ಲದೆ ಮೀಟರು ಹಾಕಿದನು. ಇಳಿಯುವಾಗ ಚಿಲ್ಲರೆಯನ್ನು ಎಣಿಸಿ ವಾಪಸು ಕೊಟ್ಟನು. ಬೆಂಗಳೂರಿನಲ್ಲಿ ವಾಸವಿರುವ ಯಾರೂ ಈ ವಾಕ್ಯವನ್ನು ನಂಬುವುದಿಲ್ಲವೆಂದು ನನಗೆ ಗೊತ್ತು. ಆದರೂ ದಾಖಲೆಗಾಗಿ ನಮೂದಿಸಿದ್ದೇನೆ.

ಕೊನೆಗೆ ಚಾಮರಾಜಪೇಟೆಯ ಪಾತ್ರೆ ಅಂಗಡಿ. ಮಾಲೀಕರಾದ ಶೆಟ್ಟರು ವಯಸ್ಸಾದವರು, ನನಗೆ ಮುಖಪರಿಚಯ ಮಾತ್ರ. ನಾನು ಸಾಮಾನನ್ನೆಲ್ಲ ಕೆಳಗಿಟ್ಟು, “ಒಂದು ತಾಮ್ರದ ಚೊಂಬು” ಎಂದೆ. ಛತ್ರಿ, ಚಪ್ಪಲಿ, ಕೋಲು, ಕಂಬಳಿ, ಟಾರ್ಚು, ಈ ಅನುಕ್ರಮದಲ್ಲಿ ಶೆಟ್ಟರ ಕಣ್ಣು ಹರಿದು ನನ್ನ ತಲೆಯ ಮೇಲೆ ನಿಂತಿತು.

“ಎಲ್ಲಾ ಆದಂಗಾಯ್ತು, ಚೊಂಬು ಒಂದು ಬಾಕಿ ಅನ್ನಿ. ಯಾರಿಗಪ್ಪಾ?”

“ನಮ್ಮ ಮಾವನವರಿಗೆ. ಬಸವನಗುಡಿ ಶಾಮಣ್ಣ ಮೇಷ್ಟ್ರು ಅಂತ.”

ಶೆಟ್ಟರು ಕೈಯಲ್ಲಿದ್ದ ಚೊಂಬನ್ನು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

“ಶಾಮಣ್ಣ ಮೇಷ್ಟ್ರಾ? ಹೋದ ತಿಂಗಳು ತಾನೇ ಬಂದಿದ್ರಲ್ಲಪ್ಪಾ. ಒಂದು ಸೌಟಿಗೆ ಹತ್ತು ರೂಪಾಯಿ ಬಿಡು ಅಂತ ಮಧ್ಯಾಹ್ನ ಪೂರ್ತಿ ನಿಂತು ಜಗಳ ಆಡಿದ್ರು. ನಾನು ಬಿಡ್ಲಿಲ್ಲ.” ಶೆಟ್ಟರ ಗಂಟಲೂ ನನ್ನದರಂತೆಯೇ ಕಟ್ಟಿತು. “ಬಿಟ್ಟಿದ್ರೆ ನನ್ನ ಗಂಟೇನು ಹೋಗ್ತಿತ್ತು ಹೇಳಿ. ಹತ್ತು ರೂಪಾಯಿಗೆ ಅವರ ಮನಸ್ಸು ನೋಯಿಸಿ ಕಳಿಸ್ಬಿಟ್ನಲ್ಲ.”

“ಅದನ್ನೆಲ್ಲ ಅವರು ಮನಸ್ಸಲ್ಲಿ ಇಟ್ಕೊಳ್ಳಲ್ಲ ಬಿಡಿ.”

“ಇನ್ನೆಲ್ಲಿ ಇಟ್ಕೋತಾರೆ. ಅಮ್ಮಾವ್ರು ಹೇಗಿದಾರೆ?”

“ಅತ್ತೆ ಖುಷಿಯಾಗಿದಾರೆ. ಬಹಳ ವರ್ಷದಿಂದ ಕಾಯ್ತಾ ಇದ್ರು, ಅಂತೂ ಆಯ್ತು ಅಂತಾರೆ.”

ಶೆಟ್ಟರು ಸ್ಟೂಲಿನಿಂದ ಎದ್ದರು. ಮೇಲಿನ ಅರೆಯಿಂದ ಇನ್ನೂ ದಪ್ಪನೆಯ ಒಂದು ಚೊಂಬನ್ನು ಇಳಿಸಿ, ತಮ್ಮ ಹೆಗಲ ವಸ್ತ್ರದಿಂದ ಒರೆಸಿ ನನ್ನ ಕೈಗಿತ್ತರು. ನಾನು ಜೇಬಿಗೆ ಕೈ ಹಾಕಿದೆ. ಅವರು ಆ ಕೈಯನ್ನು ಹಿಡಿದುಕೊಂಡರು.

“ದುಡ್ಡು ಬೇಡ. ಇದು ನನ್ನ ಲೆಕ್ಕ, ಮೇಷ್ಟ್ರಿಗೆ.”

ನಾನು ಆನಂದಭರಿತನಾಗಿ, “ಭಾನುವಾರ ನೀವೂ ಊಟಕ್ಕೆ ಬರಲೇಬೇಕು. ಮಾವನವರಿಗೆ ಇಷ್ಟ ಅಂತ ಹೋಳಿಗೆ ಮಾಡಿಸ್ತಾ ಇದೀವಿ” ಎಂದು ಆಹ್ವಾನಿಸಿದೆ. ಖಂಡಿತ ಬರುತ್ತೇನೆಂದು ಶೆಟ್ಟರು ಕಣ್ಣೊರೆಸಿಕೊಂಡರು. ಅವರಿಗೂ ನೆಗಡಿ ತಗುಲಿಸಿದೆನೆಂದು ನನಗೆ ಬೇಸರವಾಯಿತು.

ಓದುಗರು ಇಷ್ಟರಲ್ಲಿ ವಿಷಯವನ್ನು ಗ್ರಹಿಸಿರುತ್ತಾರೆ. ನಾನು ಗ್ರಹಿಸಿರಲಿಲ್ಲ. ನಮ್ಮಲ್ಲಿ ಆ ಒಂದು ಮಾತನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೋದರು, ಕಾರ್ಯ, ಯಾವತ್ತು ಎಂದೇ ಎಲ್ಲವೂ ಮುಗಿದುಹೋಗುತ್ತದೆ. ಯಾರಾದರೊಬ್ಬರು ಸ್ಪಷ್ಟವಾದ ಕನ್ನಡದಲ್ಲಿ ಕೇಳಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು. ಆದರೆ ರಿಯಾಯಿತಿಯೂ ತಪ್ಪುತ್ತಿತ್ತು.

ಭಾನುವಾರ ಬಂತು. ಹೋಮ ಮುಗಿದು, ಅತ್ತೆ ನಾಚಿಕೊಂಡು ತಲೆ ಬಗ್ಗಿಸಿ, ಮಾವನವರು ಎರಡನೆಯ ಬಾರಿ ತಾಳಿ ಕಟ್ಟಿದರು. ಇಬ್ಬರೂ ಸುಗಂಧರಾಜದ ಹಾರ ಹಾಕಿಕೊಂಡು, ಗೋಡೆಗೆ ಒರಗಿಸಿದ್ದ ಕುರ್ಚಿಗಳಲ್ಲಿ ಕುಳಿತರು. ಮಕ್ಕಳು ಮೊಮ್ಮಕ್ಕಳು ಉಡುಗೊರೆ ಕೊಡುವ ಸಮಯ. ನಾನು ತಂದದ್ದನ್ನು ವತ್ಸಲಾಳಿಗೂ ತೋರಿಸಿರಲಿಲ್ಲ. ಆಶ್ಚರ್ಯಪಡಿಸುವುದು ನನ್ನ ಯೋಜನೆಯಾಗಿತ್ತು. ಯೋಜನೆಯ ಆ ಭಾಗ ಸಂಪೂರ್ಣ ಯಶಸ್ವಿಯಾಯಿತು.

ದೊಡ್ಡ ಹರಿವಾಣದಲ್ಲಿ ಚಪ್ಪಲಿ, ಟಾರ್ಚು, ಕಂಬಳಿಗಳನ್ನು ಜೋಡಿಸಿ, ನಡುವೆ ಚೊಂಬನ್ನಿಟ್ಟು, ಅಡ್ಡಲಾಗಿ ಛತ್ರಿ ಮತ್ತು ಕೋಲನ್ನಿಟ್ಟು, ಮೇಲೆ ಬಿಳಿ ಶಲ್ಯ ಮುಚ್ಚಿ ತಂದು ಮಾವನವರ ಪಾದದ ಬಳಿ ಇರಿಸಿದೆನು. ಬೋಳು ತಲೆಯನ್ನು ಬಾಗಿಸಿ ನಮಸ್ಕರಿಸಿದೆನು. ಶಿಲಾಫಲಕವನ್ನು ಅನಾವರಣಗೊಳಿಸುವಂತೆ ಶಲ್ಯವನ್ನು ಎಳೆದೆನು.

ಚಪ್ಪಾಳೆ ಬರಲಿಲ್ಲ. ನಾದಸ್ವರದವರೂ ನುಡಿಸುವುದನ್ನು ನಿಲ್ಲಿಸಿದರು. ಅತ್ತೆ “ಅಯ್ಯೋ ರಾಮ” ಎಂದು ಹೊಸ ತಾಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ರೀ” ಎಂದಳು ವತ್ಸಲಾ. ಅದೊಂದೇ ಅಕ್ಷರ.

ಪುರೋಹಿತರಾದ ಶಾಸ್ತ್ರಿಗಳು ಹತ್ತಿರ ಬಂದು ಹರಿವಾಣವನ್ನು ಬಗ್ಗಿ ನೋಡಿದರು. “ಯಾರು ತಂದಿದ್ದು ಇದು?”

“ನಾನೇ.”

“ಯಾರಾದ್ರೂ ಹೇಳಿಕೊಟ್ರಾ?”

“ಇಲ್ಲ, ನಾನೇ ಯೋಚನೆ ಮಾಡಿ ತಂದೆ. ದೂರದ ದಾರಿ ಅಲ್ವಾ.”

“ಶಾಸ್ತ್ರದವರೂ ಹಾಗೇ ಯೋಚನೆ ಮಾಡಿದ್ದು” ಎಂದು ಶಾಸ್ತ್ರಿಗಳು ನಿಟ್ಟುಸಿರು ಬಿಟ್ಟರು. “ಹೋದವರಿಗೆ ದಾರೀಲಿ ಬಿಸಿಲು ಅಂತ ಛತ್ರಿ. ಮುಳ್ಳು ಅಂತ ಪಾದರಕ್ಷೆ. ಊರೋಕೆ ಕೋಲು, ಚಳಿಗೆ ಕಂಬಳಿ, ಬಾಯಾರಿಕೆಗೆ ಚೊಂಬು. ಹನ್ನೆರಡನೇ ದಿನ ಇದನ್ನೇ ನಮಗೆ ದಾನ ಕೊಡೋದು. ನಮ್ಮನೆ ಅಟ್ಟದ ತುಂಬ ಇಂಥವೇ ಛತ್ರಿ ಇವೆ. ಕತ್ತಲೆಗೆ ದೀಪ ಅಂತಿದೆ, ನೀವು ಟಾರ್ಚ್ ತಂದಿದೀರಿ. ಅದೊಂದೇ ವ್ಯತ್ಯಾಸ.”

ನನ್ನ ಮೌನ ಚೌಕಾಸಿಯ ಸಿದ್ಧಾಂತ ಅಲ್ಲಿಯೇ, ಆ ಹರಿವಾಣದಲ್ಲಿಯೇ ತೀರಿಕೊಂಡಿತು. ಛತ್ರಿಯವರ ಇಳಿದ ಧ್ವನಿ, ಭುಜ ತಟ್ಟಿದ ಚಪ್ಪಲಿಯವರ ಕೈ, ಕಂಬಳಿಯವರ ಕಾಫಿ, ಆಟೋದವನ ಚಿಲ್ಲರೆ, ಎಲ್ಲವೂ ಒಂದರ ಹಿಂದೊಂದು ನೆನಪಾದವು. ಅವರಾರೂ ನನಗೆ ಸೋತಿರಲಿಲ್ಲ. ನನ್ನ ತಲೆಯನ್ನು ನೋಡಿ ಮರುಗಿದ್ದರು.

ಇಷ್ಟರಲ್ಲಿ ಬಾಗಿಲಲ್ಲಿ ಶೆಟ್ಟರು ಕಾಣಿಸಿಕೊಂಡರು.

ಬಿಳಿ ಅಂಗಿ, ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಹಾರ, ತಗ್ಗಿಸಿದ ಮುಖ. ಅವರು ತಲೆಯೆತ್ತದೆ ನೇರವಾಗಿ ಒಳಗೆ ಬಂದರು. ಎದುರಿಗೆ ಗೋಡೆಗೆ ಒರಗಿ, ಕೊರಳಲ್ಲಿ ಸುಗಂಧರಾಜದ ಹಾರ, ಹಣೆಯಲ್ಲಿ ಗಂಧ, ಅಲ್ಲಾಡದೆ ಕುಳಿತಿದ್ದ ಮಾವನವರನ್ನು ಫೋಟೋ ಎಂದೇ ಭಾವಿಸಿ, ಕಣ್ಣು ಮುಚ್ಚಿ ಕೈಮುಗಿದರು.

“ಮೇಷ್ಟ್ರೇ, ಆ ಸೌಟಿನ ವಿಷಯದಲ್ಲಿ ನನ್ನನ್ನ ಕ್ಷಮಿಸ್ಬಿಡಿ” ಎಂದರು.

“ಹತ್ತು ರೂಪಾಯಿ ತಂದಿದೀರಾ?” ಎಂದಿತು ಫೋಟೋ.

ಶೆಟ್ಟರ ಕೈಯಲ್ಲಿದ್ದ ಹಾರ ಕೆಳಗೆ ಬಿತ್ತು.